ಪಾಲಿಶ್ ಮಾಡಿದ ಐದು ಬೆಳ್ಳಿ ರೂಪಾಯಿ: ಅಂಗಡಿಯಲ್ಲಿ ಹೇಳಿದ್ದು, ಮನೆಯಲ್ಲಿ ಗೊತ್ತಾಗಿದ್ದು

ಕಳೆದ ತಿಂಗಳು ಬೆಂಗಳೂರು ಪೇಟೆಯ ಒಂದು ಅಂಗಡಿಯಿಂದ ಐದು ಹಳೆಯ ಬೆಳ್ಳಿ ರೂಪಾಯಿ ತಂದೆ. ಪಾಲಿಶ್ ಹಾಕಿದ ಮಾಲು ಅಂತ ಅವರೇ ಹೇಳಿದ್ದರು. ಬೆಳ್ಳಿ ಬೆಲೆಯ ಹೆಚ್ಚುಕಮ್ಮಿ ಎರಡರಷ್ಟು ತೆಗೆದುಕೊಂಡರು. ಹದಿನೈದು ದಿನ ಅವನ್ನು ತೂಗಿ, ತಿರುಗಿಸಿ, ಕೊನೆಗೆ ಹಾಲ್‌ಮಾರ್ಕ್ ಸೆಂಟರಿಗೂ ಒಯ್ದು ನೋಡಿದ್ದೇನೆ. ಕೊಳ್ಳಲು ಹೊರಟವರಿಗೆ ಉಪಯೋಗವಾಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯ ರೂಪಾಯಿ ಸರದಲ್ಲಿ ಹದಿನೇಳು ನಾಣ್ಯ ಇದ್ದವಂತೆ. ಕಷ್ಟ ಬಂದಾಗಲೆಲ್ಲ ಒಂದೊಂದೇ ಹೋಗಿ, ಉಳಿದದ್ದು 1901ರ ಒಂದು ವಿಕ್ಟೋರಿಯಾ ರೂಪಾಯಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಅದೊಂದನ್ನೇ ಕಲಶದ ಮುಂದೆ ಇಡುತ್ತಾರೆ. ಅದಕ್ಕೆ ಜೊತೆ ಇರಲಿ ಅಂತ ಈ ಐದು. ಅಂಗಡಿಗೆ ಹೋಗುವಾಗ ಅಜ್ಜಿಯ ನಾಣ್ಯವನ್ನೂ ಜೇಬಲ್ಲಿ ಹಾಕಿಕೊಂಡಿದ್ದೆ. ನೀವೂ ಹಾಗೇ ಮಾಡಿ. ಅಸಲಿ ಅಂತ ಗೊತ್ತಿರುವ ಒಂದು ನಾಣ್ಯ ಕೈಯಲ್ಲಿದ್ದರೆ ಉಳಿದವನ್ನು ನೋಡುವ ಕಣ್ಣೇ ಬೇರೆ.

ಅಂಗಡಿಯವರು ಬಟ್ಟೆ ಹಾಸಿ ಐದನ್ನೂ ಸಾಲಾಗಿ ಇಟ್ಟರು. 1835ರ ನಾಲ್ಕನೇ ವಿಲಿಯಂ, 1862ರ ವಿಕ್ಟೋರಿಯಾ, 1907ರ ಎಡ್ವರ್ಡ್, 1918ರ ಐದನೇ ಜಾರ್ಜ್, 1942ರ ಆರನೇ ಜಾರ್ಜ್. ಎಲ್ಲವೂ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ. ಪಕ್ಕದಲ್ಲಿ ಅಜ್ಜಿಯದು ಇಟ್ಟೆ, ಬೂದು ಬಣ್ಣ, ತಗ್ಗುಗಳಲ್ಲಿ ಕಪ್ಪು. ಮೊದಲನೆಯದಕ್ಕೂ ಕೊನೆಯದಕ್ಕೂ ನೂರು ವರ್ಷಕ್ಕಿಂತ ಜಾಸ್ತಿ ಅಂತರ ಇರುವ ನಾಣ್ಯಗಳು ಒಂದೇ ಹೊಳಪಿನಲ್ಲಿವೆ ಅಂದರೆ ಆ ಹೊಳಪು ಟಂಕಸಾಲೆಯಿಂದ ಬಂದದ್ದಲ್ಲ, ಬಫಿಂಗ್ ಚಕ್ರದಿಂದ ಬಂದದ್ದು. ಅಚ್ಚೊತ್ತಿದಾಗಿನ ಹೊಳಪು ಉಳಿದಿದ್ದರೆ ನಾಣ್ಯವನ್ನು ಓರೆ ಮಾಡಿದಾಗ ಬೆಳಕು ಅದರ ಮೇಲೆ ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ಇವುಗಳಲ್ಲಿ ಬೆಳಕು ಕನ್ನಡಿಯ ಮೇಲೆ ಬಿದ್ದ ಹಾಗೆ ಒಂದೇ ಕಡೆ ಚುಚ್ಚುತ್ತಿತ್ತು.

ಆಮೇಲೆ ಆಯಸ್ಕಾಂತ ಹಿಡಿದು ತೋರಿಸಿದರು. "ನೋಡಿ ಸಾರ್, ಅಂಟಲ್ಲ, ಗ್ಯಾರಂಟಿ ಬೆಳ್ಳಿ." ಆದರೆ ತಾಮ್ರಕ್ಕೂ ಅಂಟಲ್ಲ, ಹಿತ್ತಾಳೆಗೂ ಅಂಟಲ್ಲ, ಸೀಸಕ್ಕೂ ಅಂಟಲ್ಲ. ಅಂಟಿದರೆ ನಕಲಿ ಅಂತ ಖಚಿತ. ಅಂಟದಿದ್ದರೆ ಏನೂ ತಿಳಿಯುವುದಿಲ್ಲ.

ಮನೆಗೆ ತಂದು ತೂಕ ಮಾಡಿದೆ. ಆನ್‌ಲೈನ್‌ನಲ್ಲಿ ತರಿಸಿದ ಸಣ್ಣ ಪಾಕೆಟ್ ತಕ್ಕಡಿ, ಗ್ರಾಂನ ನೂರನೇ ಒಂದು ಭಾಗ ತೋರಿಸುತ್ತದೆ. ಈ ಕೆಲಸಕ್ಕೆ ಅದು ಸಾಕು. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. 1835ರಿಂದ 1939ರವರೆಗೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಕೈಯಿಂದ ಕೈಗೆ ಓಡಾಡಿ ಸವೆದರೆ ಸ್ವಲ್ಪ ಇಳಿಯುತ್ತದೆ. ಅಜ್ಜಿಯದು 11.47 ಬಂತು. ಅಂಗಡಿಯ ನಾಲ್ಕು 11.49ರಿಂದ 11.61ರ ಒಳಗೆ ಬಂದವು. 1835ರದ್ದು ಮಾತ್ರ 11.02. ರಾಜನ ಕೂದಲಿನ ಎಳೆ ಎಳೆ ಕಾಣುವಷ್ಟು ಚೆನ್ನಾಗಿರುವ ನಾಣ್ಯ ಅದು. ಮುಖ ಸವೆದಿಲ್ಲ, ತೂಕ ಮಾತ್ರ ಸವೆದಿದೆ ಅಂದರೆ ಹೇಗೆ ಸಾಧ್ಯ? ಅನುಮಾನ ಶುರುವಾದದ್ದೇ ಅಲ್ಲಿಂದ.

ಮುಂದೆ ನೀರಿನ ಪರೀಕ್ಷೆ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಅಂಟಿದ್ದರೆ ದಾರ ಅಲ್ಲಾಡಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ. ಈ ರೂಪಾಯಿಗಳಿಗೆ 10.3ರ ಆಸುಪಾಸು ಬರಬೇಕು. ನಮ್ಮ ಸಣ್ಣ ತಕ್ಕಡಿಯಲ್ಲಿ 0.1 ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಬೆಳ್ಳಿಯೇ ಇಲ್ಲದ, ತಾಮ್ರ, ನಿಕ್ಕಲ್, ಸತುವಿನ ಜರ್ಮನ್ ಸಿಲ್ವರ್ ಆದರೆ 8.7ರ ಹತ್ತಿರ ಬಂದು ಸಿಕ್ಕಿಬೀಳುತ್ತದೆ.

1942ರದ್ದಕ್ಕೆ 9.5 ಬಂತು. ಇದು ನಕಲಿ ಅಲ್ಲ! ಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಸರ್ಕಾರವೇ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಉಳಿದ ಅರ್ಧ ತಾಮ್ರ, ನಿಕ್ಕಲ್, ಸತು. ಆ ನಾಣ್ಯಗಳ ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಇರುತ್ತದೆ, ನಕಲಿ ತಡೆಯಲು ಮಾಡಿದ್ದು, ಇದರಲ್ಲಿ ಅದು ಸ್ಪಷ್ಟವಾಗಿದೆ. ಅಂದರೆ ನಾಣ್ಯ ಅಸಲಿ. ಅಂಗಡಿಯವರು "ತೊಂಬತ್ತು ಪರ್ಸೆಂಟ್ ಬೆಳ್ಳಿ" ಅಂತ ಹೇಳಿ ಐದಕ್ಕೂ ಒಂದೇ ರೇಟು ಹಾಕಿದ್ದರಲ್ಲ, ಅದು ತಪ್ಪು.

1862ರದ್ದು ನನ್ನನ್ನು ಜಾಸ್ತಿ ಹೊತ್ತು ಕೂರಿಸಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಮೊದಲು ಅಂಚನ್ನು ಸುತ್ತಿಸಿ ನೋಡಿದೆ. ರಾಣಿಯ ಕಿರೀಟದ ನೇರಕ್ಕೆ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗದಲ್ಲಿ, ಅಂಚಿನ ಹಲ್ಲುಗಳು ಏಳೆಂಟು ಪೂರ್ತಿ ಮಾಯ. ಅಲ್ಲಿ ಅರ ಹಾಕಿ ಉಜ್ಜಿದ ಅಡ್ಡಗೀರುಗಳು, ಎರಡು ಗೀರಿನ ನಡುವೆ ಒಂಚೂರು ಹಳದಿ ಛಾಯೆಯ ಲೋಹ. ಅದು ಬೆಸುಗೆ. ಈ ನಾಣ್ಯವೂ ಯಾರದೋ ಕೊರಳ ಸರದಲ್ಲಿತ್ತು, ಕೊಂಡಿ ಕಿತ್ತು ಜಾಗ ಸಮ ಮಾಡಿದ್ದಾರೆ. ಅಜ್ಜಿಯ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗುರುತು ಇದೆ, ಹಾಗಾಗಿ ನೋಡಿದ ತಕ್ಷಣ ಗೊತ್ತಾಯಿತು. ನನಗೆ ಬೇಜಾರಾದದ್ದು ಬೆಸುಗೆಗಲ್ಲ, ಪಾಲಿಶಿಗೆ. 1862 ಅಂತ ಬರೆದ ರೂಪಾಯಿಗಳು ಆ ಒಂದೇ ವರ್ಷದವಲ್ಲ, 1874ರವರೆಗೂ ಅದೇ ಇಸವಿ ಹಾಕಿ ಹೊಡೆಯುತ್ತಿದ್ದರು. ಬಾಂಬೆ ಟಂಕಸಾಲೆಯ ನಾಣ್ಯದ ನಿಜವಾದ ವರ್ಷ ತಿಳಿಯಬೇಕಾದರೆ ಹಿಂಬದಿಯ ಪುಟ್ಟ ಪುಟ್ಟ ಚುಕ್ಕಿಗಳನ್ನು ಎಣಿಸಬೇಕು. ನನ್ನ ನಾಣ್ಯದಲ್ಲಿ ಇಸವಿಯ ಕೆಳಗೆ ಒಂದು ಚುಕ್ಕಿಯ ನೆರಳು ಕಾಣುತ್ತದೆ, ಪಕ್ಕದಲ್ಲಿ ಇನ್ನೊಂದು ಇತ್ತೋ ಇಲ್ಲವೋ ಹೇಳಲಾಗದಷ್ಟು ನುಣುಪು. ಕಪ್ಪು ಕಿಲುಬನ್ನು ಹಾಗೇ ಬಿಟ್ಟಿದ್ದರೆ ಇದು ಯಾವ ವರ್ಷದ್ದು ಅಂತ ಹೇಳಬಹುದಿತ್ತು. ಹತ್ತು ನಿಮಿಷದ ಪಾಲಿಶ್ ನಾಣ್ಯದ ವಯಸ್ಸನ್ನೇ ಅಳಿಸಿದೆ.

ಇನ್ನು 1835. ನೀರಿನ ಪರೀಕ್ಷೆಯಲ್ಲಿ 10.2 ಬಂತು, ಪಾಸ್. ಅಂದರೆ ಬೆಳ್ಳಿಯೇ. ಇಲ್ಲೇ ಜನ ಮೋಸ ಹೋಗುವುದು, ಏಕೆಂದರೆ ಒಳ್ಳೆಯ ಬೆಳ್ಳಿಯಲ್ಲೇ ಎರಕ ಹೊಯ್ದು ಹಳೆಯ ನಾಣ್ಯದ ನಕಲು ಮಾಡಿದರೆ ನೀರಿನ ಪರೀಕ್ಷೆ, ಲೋಹ ಪರೀಕ್ಷೆಯ ಮಷಿನ್ ಎರಡೂ "ಸರಿ" ಅನ್ನುತ್ತವೆ. ಎರಕದ ನಾಣ್ಯದ ಮೈ ರವೆ ರವೆಯಾಗಿರುತ್ತದೆ, ಅಂಚಿನಲ್ಲಿ ಜೋಡಣೆಯ ಗೆರೆ ಇರುತ್ತದೆ. ಪಾಲಿಶ್ ಹೊಡೆದರೆ ಎರಡೂ ಮಾಯ. ಪಾಲಿಶ್ ಮಾಡಿದ ನಾಣ್ಯವನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಹಾಗಿದ್ದರೆ ಎಲ್ಲಿ ನೋಡಬೇಕು? ಚಕ್ರ ಮುಟ್ಟಲಾಗದ ಜಾಗದಲ್ಲಿ: ಅಕ್ಷರದ ಹೊಟ್ಟೆಯೊಳಗೆ, ಎಲೆಗಳ ಸಂದಿಯಲ್ಲಿ. ಇದರ ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಂತ ಇದೆಯಲ್ಲ, ಅದರ ಓ, ಪಿ, ಎ ಅಕ್ಷರಗಳ ಒಳಗೆ ಸೂಜಿ ಚುಚ್ಚಿದಂತೆ ಗುಳಿಗಳು, ರವೆ ಇಡ್ಲಿಯ ಮೈ ಇದ್ದ ಹಾಗೆ. ರಾಜನ ಕತ್ತಿನ ಕೆಳಗೆ ಎಫ್ ಅಕ್ಷರ ಇರುವ ಮಾದರಿ ಇದು. ಇಲ್ಲಿ ಎಫ್ ಬದಲು ಕರಗಿದ ಮೇಣದ ಹನಿಯಂಥ ಒಂದು ಉಬ್ಬು. ಮರದ ಮೇಜಿನ ಮೇಲೆ ಬೀಳಿಸಿದರೆ ಅಜ್ಜಿಯದು ಠಣ್ ಅಂತ ಎಳೆದು ನಿಲ್ಲುತ್ತದೆ, ಇದು ಟಪ್ ಅಂದು ಸುಮ್ಮನಾಗುತ್ತದೆ.

ನಾನು ಅಂದುಕೊಂಡದ್ದು ಸರಿಯಾ ಅಂತ ಹಾಲ್‌ಮಾರ್ಕ್ ಸೆಂಟರಿಗೆ ಒಯ್ದೆ. ಅಲ್ಲಿನ ಎಕ್ಸ್‌ಆರ್‌ಎಫ್ ಮಷಿನ್ ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುತ್ತದೆ. ಅದು ನಾಣ್ಯವನ್ನು ಕೆರೆಯುವುದಿಲ್ಲ, ಆಸಿಡ್ ಹಾಕುವುದಿಲ್ಲ, ಎರಡು ನಿಮಿಷದ ಕೆಲಸ. ಈ ಸೇವೆ ಬಗ್ಗೆ ನನಗೆ ಪೂರ್ತಿ ಖುಷಿ ಇದೆ. ಆದರೆ ಅದು ಮೇಲಿನ ಪದರ ಮಾತ್ರ ಓದುತ್ತದೆ ಅನ್ನುವುದು ನೆನಪಿರಲಿ, ದಪ್ಪ ಬೆಳ್ಳಿ ಲೇಪ ಕೊಟ್ಟರೆ ಅದನ್ನೇ ಓದುತ್ತದೆ. ಅದಕ್ಕೇ ನೀರಿನ ಪರೀಕ್ಷೆಯೂ ಬೇಕು. ಅಲ್ಲಿದ್ದ ಹುಡುಗನಿಗೆ ಕೇಳಿಕೊಂಡು 1862ರ ನಾಣ್ಯವನ್ನು ಎರಡು ಕಡೆ ತೋರಿಸಿದೆ. ನಡುವೆ ಬೆಳ್ಳಿ ಶೇಕಡ 94, ಅಸಲಿಗಿಂತ ಜಾಸ್ತಿ. "ಬೆಸುಗೆ ಬಿಡಿಸಿ ಆಸಿಡಿಗೆ ಅದ್ದಿರ್ತಾರೆ, ಮೇಲಿನ ತಾಮ್ರ ಹೋಗಿರುತ್ತೆ ಅಣ್ಣ" ಅಂದ. ಅಂಚಿನ ಗುರುತಿನ ಜಾಗ ತೋರಿಸಿದಾಗ ಪರದೆ ಮೇಲೆ ಸತು ಬಂತು. ಬೆಳ್ಳಿ, ತಾಮ್ರ ಮಾತ್ರ ಇರಬೇಕಾದ ನಾಣ್ಯದಲ್ಲಿ ಅಷ್ಟು ಸತು ಬೆಸುಗೆಯಿಂದಲೇ ಬರಬೇಕು. 1835ರದ್ದು ಶೇಕಡ 92, ಮಷಿನ್ ಪ್ರಕಾರ ಯಾವ ತಪ್ಪೂ ಇಲ್ಲ.

1907 ಮತ್ತು 1918ರವು ಎಲ್ಲದರಲ್ಲೂ ಪಾಸಾದವು. ಪಾಲಿಶ್ ಆಗಿದೆ, ಆದರೆ ಅಸಲಿ.

1835ರದ್ದನ್ನು ವಾಪಸ್ ಒಯ್ದಾಗ ಅಂಗಡಿಯವರು ಹಾಲ್‌ಮಾರ್ಕ್ ಚೀಟಿಯನ್ನೇ ನನಗೆ ತೋರಿಸಿ "ಬೆಳ್ಳಿ ತಾನೇ ಸಾರ್?" ಅಂದರು. ಅಕ್ಷರಗಳ ಒಳಗಿನ ಗುಳಿಗಳನ್ನು ಅವರದೇ ಭೂತಗನ್ನಡಿಯಲ್ಲಿ ತೋರಿಸಿದೆ. ಅರ್ಧ ಗಂಟೆ ಮಾತಾದ ಮೇಲೆ ದುಡ್ಡು ವಾಪಸ್ ಕೊಟ್ಟರು, 1942ರದ್ದಕ್ಕೂ ವ್ಯತ್ಯಾಸ ಹಿಡಿದುಕೊಟ್ಟರು. ಬಿಲ್ ಇದ್ದದ್ದಕ್ಕೆ ಇಷ್ಟಾದರೂ ಆಯಿತು. ಬೆಸುಗೆಯ ಬಗ್ಗೆ ಮಾತ್ರ "ಅದೆಲ್ಲ ಯಾರೂ ಹೇಳಲ್ಲ" ಅಂದುಬಿಟ್ಟರು. ಹೇಳಲೇಬೇಕು ಅಲ್ವಾ? ಹೊರದೇಶದ ಎನ್‌ಜಿಸಿ, ಪಿಸಿಜಿಎಸ್‌ನಂಥ ನಾಣ್ಯ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗಳು ಇಂಥ ನಾಣ್ಯಕ್ಕೆ ಮಾಮೂಲಿ ಗ್ರೇಡ್ ಕೊಡದೆ, ಪಾಲಿಶ್ ಆಗಿದೆ, ಕೊಂಡಿ ತೆಗೆದಿದೆ ಅಂತ ಚೀಟಿಯ ಮೇಲೇ ಬರೆಯುತ್ತವೆ. ಮುಂದೆ ಮಾರುವಾಗ ನಮಗೆ ಸಿಗುವ ಬೆಲೆ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಮನೆಯಲ್ಲಿ ಅಮ್ಮ ಅಜ್ಜಿಯ ನಾಣ್ಯವನ್ನೂ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಇವುಗಳ ಹಾಗೇ ಮಾಡೋಣ ಅಂದರು. ಬೇಡಮ್ಮ ಅಂತ ಕೈ ಹಿಡಿದೆ. ಈಗ ನಾಲ್ಕು ಹೊಳೆಯುವವು, ಒಂದು ಬೂದು ಬಣ್ಣದ್ದು ಒಂದೇ ಡಬ್ಬಿಯಲ್ಲಿವೆ.

ಅಂಗಡಿಗೆ ಐದರಲ್ಲಿ ಎರಡೂವರೆ. ದುಡ್ಡು ವಾಪಸ್ ಕೊಟ್ಟದ್ದಕ್ಕೆ ಅಷ್ಟು. ಹಾಲ್‌ಮಾರ್ಕ್ ಸೆಂಟರಿಗೆ ಐದಕ್ಕೆ ಐದು. ನೀವು ಹೋದರೆ ಬಿಲ್ಲಿನಲ್ಲಿ ಇಸವಿ, ತೂಕ, ಬೆಸುಗೆ ಇದೆಯೋ ಇಲ್ಲವೋ, ಮೂರನ್ನೂ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.