ಕಲಬುರಗಿಯ ದೊಡ್ಡ ಬಟ್ಟೆ ಮಳಿಗೆಗೆ ಕೆಲಸಕ್ಕೆ ಸೇರ್ತೀರಾ? ಮೊದಲು ‘ಶಾರ್ಟೇಜ್’ ಬಗ್ಗೆ ಕೇಳಿ

ಹಬ್ಬ, ಮದುವೆ ಸೀಸನ್ ಹತ್ತಿರ ಬಂದರೆ ಇಲ್ಲಿನ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳ ಗಾಜಿನ ಬಾಗಿಲುಗಳ ಮೇಲೆ ‘ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ’ ಅನ್ನೋ ಚೀಟಿ ಕಾಣಿಸುತ್ತದೆ. ಮೊನ್ನೆ ನಮ್ಮ ಊರಿನ ಇಬ್ಬರು ಹುಡುಗಿಯರು ಫೋನ್ ಮಾಡಿದ್ದರು. “ಅಕ್ಕಾ, ನೀ ಬಟ್ಟಿ ಅಂಗಡ್ಯಾಗ ಮಾಡಿದ್ದೆಯಲ್ಲ, ಹ್ಯಾಂಗದ ಕೆಲಸ?” ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಳಿಗೆಯ ಹೆಸರು ಹಾಕುವುದಿಲ್ಲ. ನಿಮಗೆ ಬೇಕಾದದ್ದು ಹೆಸರಲ್ಲ, ಅಲ್ಲಿ ಹಣ ಹೇಗೆ ಹೋಗುತ್ತದೆ ಅನ್ನೋದು.

ನಾನು ಬಿಎ ಮುಗಿಸಿ 2023ರ ಆಗಸ್ಟ್‌ನಲ್ಲಿ ಸೇರಿದೆ. ನಮ್ಮದು ಫರಹತಾಬಾದ್ ಕಡೆ. ಶಕ್ತಿ ಯೋಜನೆ ಆಗಷ್ಟೇ ಶುರುವಾಗಿತ್ತು, ಬಸ್ಸಿನ ಖರ್ಚು ಇರಲಿಲ್ಲ. ತಿಂಗಳಿಗೆ 13,000 ಸಂಬಳ, ಮೇಲೆ ಇನ್ಸೆಂಟಿವ್, ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ), ವಾರಕ್ಕೊಂದು ರಜೆ ಅಂದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಕೇಳಿದರು. “ಚೆಕ್ ಮಾಡಿ ವಾಪಸ್ ಕೊಡ್ತೀವಿ ತಂಗಿ” ಅಂದರು, ಕೊಟ್ಟುಬಿಟ್ಟೆ. ದಯವಿಟ್ಟು ನೀವು ಕೊಡಬೇಡಿ. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ಕೈಯಲ್ಲೇ ಇಟ್ಟುಕೊಳ್ಳಿ. ನೇಮಕಾತಿ ಪತ್ರ ಕೇಳಿದಾಗಲೆಲ್ಲ “ಮುಂದಿನ ವಾರ” ಅಂದರು. ಹದಿನಾಲ್ಕು ತಿಂಗಳಲ್ಲಿ ಆ ವಾರ ಬರಲೇ ಇಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಸೇರಿದ 30 ದಿನದೊಳಗೆ ಆ ಪತ್ರ ಕೊಡಲೇಬೇಕು. ಇದು ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ.

ಬೆಳಿಗ್ಗೆ 9:30ಕ್ಕೆ ಹಾಜರಿ, ರಾತ್ರಿ 9ಕ್ಕೆ ಬಿಡುವುದು. ಊಟಕ್ಕೆ ಅರ್ಧ ಗಂಟೆ. ಅದೇ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ದುಡಿಸಿದರೆ ದುಪ್ಪಟ್ಟು ಕೂಲಿ ಅಂತ ಇದೆ. ನಮಗೆ ಓವರ್‌ಟೈಮ್ ಅನ್ನೋ ಮಾತೇ ಇರಲಿಲ್ಲ. ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕು. ಸ್ವಲ್ಪ ಬಗ್ಗಿ ರ‍್ಯಾಕಿನ ಅಂಚಿಗೆ ಒರಗಿದರೂ ಫ್ಲೋರ್ ಮ್ಯಾನೇಜರ್ ಬರುತ್ತಿದ್ದರು: “ಕುಂದ್ರಬ್ಯಾಡ, ಕ್ಯಾಮೆರಾದಾಗ ಕಾಣ್ತದ.” ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಬೇಕು ಅಂತ ಕಾನೂನನ್ನೇ ತಂದಿವೆ. ಆರು ತಿಂಗಳಿಗೆ ನನ್ನ ಕಾಲು ಬಾತು, ರಾತ್ರಿ ಚಪ್ಪಲಿ ಪಟ್ಟಿ ಹಾಕಲು ಆಗುತ್ತಿರಲಿಲ್ಲ. ತಡವಾದ ದಿನ ಬಸ್ ಸಿಗದೆ ಅಪ್ಪ ಬೈಕ್ ತಗೊಂಡು ಬರುತ್ತಿದ್ದರು.

ಆದರೂ ಕೆಲಸ ನನಗೆ ಇಷ್ಟವಿತ್ತು, ಸುಳ್ಳು ಹೇಳುವುದಿಲ್ಲ. ಆಳಂದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ತೊಟ್ಟಿಲಿಗೆ ಬಟ್ಟೆ ಕೊಳ್ಳಲು ಬಂದು, ಹದಿನೈದು ಫ್ರಾಕ್ ಬಿಚ್ಚಿಸಿ, ಕೊನೆಗೆ ಮೊದಲನೆಯದ್ದನ್ನೇ ತಗೊಂಡು ನನ್ನ ಗಲ್ಲ ಹಿಡಿದು ಹೋದರು. ಅಂಥ ದಿನ ದಣಿವು ಕಾಣುತ್ತಿರಲಿಲ್ಲ. ಕಷ್ಟಕ್ಕೆ ನಾನು ಹೆದರಿ ಬಿಟ್ಟವಳಲ್ಲ. ಬಿಡಿಸಿದ್ದು ಶಾರ್ಟೇಜ್.

ಶಾರ್ಟೇಜ್ ಅಂದರೆ ಇಷ್ಟು. ಮೂರು ತಿಂಗಳಿಗೊಮ್ಮೆ ಅಂಗಡಿ ಮುಚ್ಚಿದ ಮೇಲೆ ಸ್ಟಾಕ್ ಎಣಿಸುತ್ತಾರೆ. ಪ್ರತಿ ಪೀಸಿನ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು. ಕಂಪ್ಯೂಟರಿನಲ್ಲಿ ಇರುವ ಲೆಕ್ಕಕ್ಕಿಂತ ರ‍್ಯಾಕಿನಲ್ಲಿ ಕಡಿಮೆ ಬಂದರೆ ಅದು ಶಾರ್ಟೇಜ್. ಆ ಹಣವನ್ನು ಸೆಕ್ಷನ್‌ನಲ್ಲಿ ಇರುವವರಿಗೆಲ್ಲ ಹಂಚಿ ಸಂಬಳದಲ್ಲಿ ಹಿಡಿಯುತ್ತಾರೆ. ಕೊಂಡ ಬೆಲೆಗಲ್ಲ, ಟ್ಯಾಗ್ ಮೇಲಿನ ಎಂಆರ್‌ಪಿಗೆ.

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಹಬ್ಬ 11ಕ್ಕೆ ಬಂತು. ಎರಡು ಹಬ್ಬದ ವ್ಯಾಪಾರ ಒಟ್ಟಿಗೇ. ವಾರದ ರಜೆ ರದ್ದು. ಮೆಟ್ಟಿಲ ಮೇಲೂ ಜನ, ಬಿಲ್ಲಿಂಗ್ ಕೌಂಟರಿನಲ್ಲಿ ಉಸಿರಾಡಲು ಜಾಗವಿಲ್ಲ. ಹಬ್ಬ ಮುಗಿದ ಮೇಲೆ ಎಣಿಕೆ ಆಯಿತು. ಆಗ ನಾನಿದ್ದ ಬೆಡ್‌ಶೀಟ್ ಸೆಕ್ಷನ್‌ಗೆ 46 ಪೀಸ್, 41,000 ರೂಪಾಯಿ ಶಾರ್ಟೇಜ್ ಬಂತು. ಐದು ಜನಕ್ಕೆ ಹಂಚಿದರೆ ತಲೆಗೆ 8,200.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 46 ಬೆಡ್‌ಶೀಟ್ ಅಂದರೆ ಒಂದು ಗಂಟು. ಬಾಗಿಲಲ್ಲಿ ಸೆಕ್ಯೂರಿಟಿ, ತಲೆ ಮೇಲೆ ಕ್ಯಾಮೆರಾ, ಅಷ್ಟು ಹೇಗೆ ಹೋಗುತ್ತದೆ? ಮರುದಿನ ಆ ಪಟ್ಟಿಯ ಪ್ರಿಂಟ್ ಕೇಳಿ ತಗೊಂಡೆ. ಶಾರ್ಟೇಜ್ ಪಕ್ಕದಲ್ಲೇ ‘ಎಕ್ಸೆಸ್’ ಅಂತ ಇನ್ನೊಂದು ಸಾಲು ಇತ್ತು. ಮೆರೂನ್ ಬೆಡ್‌ಶೀಟ್, ಬೆಲೆ 899, ಒಂದು ಕಡಿಮೆ. ನೀಲಿ ಬೆಡ್‌ಶೀಟ್, ಅದೂ 899, ಒಂದು ಜಾಸ್ತಿ. ಆಗ ಹೊಳೆಯಿತು. ಗಿರಾಕಿ ನೀಲಿ ಒಂದು, ಮೆರೂನ್ ಒಂದು ತಗೊಂಡಿದ್ದಾರೆ. ಗದ್ದಲದಲ್ಲಿ ಬಿಲ್ಲಿಂಗ್‌ನವರು ನೀಲಿಯದ್ದು ಒಂದೇ ಸ್ಕ್ಯಾನ್ ಮಾಡಿ ಎರಡು ಅಂತ ಒತ್ತಿದ್ದಾರೆ. ಅಂಗಡಿಗೆ ಎರಡರ ಹಣವೂ ಬಂದಿದೆ. ಒಂದು ರೂಪಾಯಿ ನಷ್ಟವಿಲ್ಲ. ಆದರೆ ಮೆರೂನ್ ಕಡಿಮೆ ಬಂದದ್ದಕ್ಕೆ ನಮ್ಮ ಸಂಬಳ ಹಿಡಿದರು, ನೀಲಿ ಜಾಸ್ತಿ ಬಂದದ್ದನ್ನು ಸುಮ್ನೆ ಬಿಟ್ಟರು.

ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಒಂದೊಂದೇ ಜೋಡಿ ಮಾಡುತ್ತಾ ಹೋದೆ. 46ರಲ್ಲಿ 29 ಪೀಸಿಗೆ ಅದೇ ಬೆಲೆಯ ಜೋಡಿ ಸಿಕ್ಕಿತು. ಹಾಳೆ ತಗೊಂಡು ಮ್ಯಾನೇಜರ್ ಹತ್ತಿರ ಹೋದೆ. “ಸಿಸ್ಟಮ್ ತೋರಿಸಿದ್ದೇ ಫೈನಲ್. ನಿನಗ ಲೆಕ್ಕ ಜಾಸ್ತಿ ಬರ್ತದೇನು?” ಅಂದರು. ಆ 8,200 ಅನ್ನು ಮೂರು ತಿಂಗಳ ಸಂಬಳದಲ್ಲಿ ಹಿಡಿದರು. ನನ್ನ ಜೊತೆಗಿದ್ದ ಹುಡುಗಿಗೆ ತಂಗಿಯ ಕಾಲೇಜು ಫೀಸು ಕಟ್ಟಬೇಕಿತ್ತು. ಅವಳು ಟ್ರಯಲ್ ರೂಮಿನೊಳಗೆ ಹೋಗಿ ಅತ್ತಳು.

ಮಾಲು ಕಳೆದದ್ದಕ್ಕೆ ಸಂಬಳ ಹಿಡಿಯಬೇಕೆಂದರೆ ಆ ಮಾಲನ್ನು ನಿಮ್ಮ ವಶಕ್ಕೇ ಕೊಟ್ಟಿರಬೇಕು, ನಿಮ್ಮ ಅಜಾಗರೂಕತೆಯಿಂದಲೇ ಹೋಗಿರಬೇಕು, ನಿಮ್ಮ ಮಾತು ಕೇಳಿರಬೇಕು. ವೇತನದ ಕಾನೂನು ಹೇಳುವುದು ಇದನ್ನೇ. ದಿನಕ್ಕೆ ನೂರಾರು ಗಿರಾಕಿಗಳು ಮುಟ್ಟುವ ರ‍್ಯಾಕಿಗೆ ಐದು ಜನರನ್ನು ಸಾರಾಸಗಟಾಗಿ ಹೊಣೆ ಮಾಡುವುದು ಅನ್ಯಾಯ. ಹಾಗಾಗಿ ಇಂಟರ್‌ವ್ಯೂನಲ್ಲೇ ಕೇಳಿ: ಶಾರ್ಟೇಜ್ ಯಾರು ಕಟ್ಟಬೇಕು? ಎಕ್ಸೆಸ್ ಲೆಕ್ಕಕ್ಕೆ ಹಿಡಿಯುತ್ತೀರಾ? ಉತ್ತರ ತೇಲಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು. ಸಂಬಳದ ಚೀಟಿಯಲ್ಲಿ ಇಎಸ್ಐ ಅಂತ ಪ್ರತಿ ತಿಂಗಳು 98 ರೂಪಾಯಿ ಕಡಿತ ಇರುತ್ತಿತ್ತು. ಕಾಲು ತೋರಿಸಲು ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲಿ ನಂಬರ್ ಕೇಳಿದರು. ನನ್ನ ಹೆಸರಿಗೆ ನಂಬರೇ ಆಗಿರಲಿಲ್ಲ. ಪಿಎಫ್ ಕೂಡ ಅಷ್ಟೇ, ಹದಿನಾಲ್ಕು ತಿಂಗಳು ಹಿಡಿದು ಐದು ತಿಂಗಳದ್ದು ಮಾತ್ರ ಕಟ್ಟಿದ್ದರು. ಸೇರಿದ ಎರಡನೇ ತಿಂಗಳಿಗೇ ಯುಎಎನ್ (ಪಿಎಫ್ ಖಾತೆಯ) ನಂಬರ್ ಕೇಳಿ, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ಐದು ನಿಮಿಷದ ಕೆಲಸ.

ಕೆಲಸ ಬಿಡುತ್ತೇನೆ ಅಂದಾಗ “ಶಾರ್ಟೇಜ್ ಕ್ಲಿಯರ್ ಮಾಡು, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗು” ಅಂದರು. ಅಪ್ಪನ ಜೊತೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಬರಹದಲ್ಲಿ ದೂರು ಕೊಟ್ಟೆ. ಬರೇ ಬಾಯಿ ಮಾತಲ್ಲಿ ಹೇಳಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಹಾಜರಿ ಪುಸ್ತಕದ ಫೋಟೋ, ಸಂಬಳದ ಚೀಟಿ, ಗೆರೆ ಎಳೆದ ಆ ಹಾಳೆ, ಎಲ್ಲ ಜೊತೆಗಿಟ್ಟೆ. ನೀವು ಈಗ ಎಲ್ಲಾದರೂ ಕೆಲಸದಲ್ಲಿದ್ದರೆ ಇವನ್ನು ಇವತ್ತಿನಿಂದಲೇ ತೆಗೆದಿಡಿ. ಬಿಟ್ಟ ಮೇಲೆ ಒಳಗೆ ಹೋಗಲೂ ಬಿಡುವುದಿಲ್ಲ.

ಮೂರು ವಾರಕ್ಕೆ ಮಾರ್ಕ್ಸ್ ಕಾರ್ಡ್ ಬಂತು. ಫೈಲಿಗೆ ಹಾಕಲು ಅದಕ್ಕೆ ಎರಡು ತೂತು ಹೊಡೆದಿದ್ದರು. ಕೊನೆಯ 19 ದಿನದ ಸಂಬಳ ಇನ್ನೂ ಬಂದಿಲ್ಲ. ಅದಕ್ಕೆ ಎರಡನೇ ಅರ್ಜಿ ಕೊಟ್ಟಿದ್ದೇನೆ.