ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಊರಿನಲ್ಲಿ ಅಪ್ಪನ ಜಮೀನಿದೆ, ನೀವು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದೀರಿ, "ಸಾಕಪ್ಪ ಇದರ ತಲೆನೋವು, ಮಾರಿಬಿಡೋಣ" ಎನ್ನುವ ಮಾತು ಮನೆಯಲ್ಲಿ ಶುರುವಾಗಿದೆ. ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವೂ ಅದೇ ಮಾತು ಆಡಿಕೊಂಡೇ ಹೊರಟಿದ್ದೆವು. ನೆಮ್ಮದಿ ಸಿಗಲಿ ಎಂದು ಮಾರಲು ಹೋದ ಹೊಲ ಸುಮಾರು ಮೂರು ವರ್ಷ ನಮ್ಮ ನಿದ್ದೆ ಕೆಡಿಸಿತು.

ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ತಾತನದು 2 ಎಕರೆ 16 ಗುಂಟೆ. ಅರ್ಧ ಅಪ್ಪನದು, ಅರ್ಧ ಚಿಕ್ಕಪ್ಪನದು. ಅಂದರೆ ನಮ್ಮ ಪಾಲಿಗೆ 1 ಎಕರೆ 8 ಗುಂಟೆ. ಕೆಳಗೆಲ್ಲ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಾರೆ. ನಮ್ಮದು ದಿಣ್ಣೆ ಮೇಲಿನ ಖುಷ್ಕಿ, ಮಳೆ ನಂಬಿದ ಹೊಲ. ಅಪ್ಪ ಇರುವವರೆಗೆ ರಾಗಿ, ಹುರುಳಿ ಆಗುತ್ತಿತ್ತು. 2019ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಹೊಲ ಪಾಳು ಬಿತ್ತು. ಜಾಲಿ ಬೆಳೆಯಿತು. ಯಾರೋ ಬದು ಒತ್ತಿದರು, ಯಾರೋ ಮಣ್ಣು ಹೊಡೆದುಕೊಂಡು ಹೋದರು. ಊರಿನಿಂದ ಫೋನ್ ಬಂದರೆ ಸಾಕು, ಅಮ್ಮನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ನನ್ನ ಜೊತೆ ಮೈಸೂರಿನಲ್ಲಿದ್ದಾರೆ. ತಮ್ಮ ಬೆಂಗಳೂರಿನಲ್ಲಿ, ತಂಗಿ ಹಾಸನದಲ್ಲಿ. ಹೋಗಿ ನೋಡಿಕೊಳ್ಳುವವರು ಯಾರೂ ಇಲ್ಲ. ಮಾರಬೇಕು ಎಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ಹಾಗೇ ಅನ್ನಿಸುತ್ತದೆ. ತಪ್ಪಾದದ್ದು ಮಾರಿದ ರೀತಿಯಲ್ಲಿ.

2022ರಲ್ಲಿ ಒಬ್ಬ ದಲ್ಲಾಳಿ ಮನೆಗೆ ಬಂದರು. ಬೆಂಗಳೂರು–ಮೈಸೂರು ಹೆದ್ದಾರಿ ಕೆಲಸ ಜೋರಾಗಿ ನಡೆಯುತ್ತಿದ್ದ ಸಮಯ ಅದು. ಮಂಡ್ಯ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಜಮೀನಿನದ್ದೇ ಮಾತು. ಆತ ಅಮ್ಮನ ಪಕ್ಕ ಕೂತು, ಕಾಫಿ ಕುಡಿದು, ಅಪ್ಪನನ್ನು ನೆನೆಸಿಕೊಂಡರು. "ನೀವ್ಯಾಕವ್ವ ಈ ವಯಸ್ಸಲ್ಲಿ ತಲೆ ಕೆಡಿಸ್ಕತೀರಿ? ನಾನಿದ್ದೀನಲ್ಲ. ಆಫೀಸಿಗೆ ಅಲೆಯೋದೆಲ್ಲ ನಂದು. ನೀವು ಸೈನ್ ಹಾಕಿ, ನೆಮ್ಮದಿಯಾಗಿರಿ" ಅಂದರು. ನಾವು ದಣಿದಿದ್ದೇವೆ ಎಂದು ಆತನಿಗೆ ಆವತ್ತೇ ಗೊತ್ತಾಗಿತ್ತು. ಮುಂದೆ ನಡೆದದ್ದೆಲ್ಲ ಆ ಒಂದು ವಿಷಯ ಗೊತ್ತಿದ್ದುದರಿಂದಲೇ. ಜಮೀನು ಎಷ್ಟು ಬೇಗ ಕೈಬಿಡುತ್ತದೋ ಅಷ್ಟು ಸಾಕು ಎನ್ನುವವರು ಕಾಗದ ಓದುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಒಟ್ಟು 36 ಲಕ್ಷಕ್ಕೆ ಮಾತಾಯಿತು. 3 ಲಕ್ಷ ಮುಂಗಡ. ಒಂದು ಲಕ್ಷ ಚೆಕ್ಕು, ಎರಡು ಲಕ್ಷ ನಗದು. ತಾಲ್ಲೂಕು ಕಚೇರಿ ಹತ್ತಿರದ ಒಂದು ಟೈಪಿಂಗ್ ಅಂಗಡಿಯಲ್ಲಿ ಇ-ಸ್ಟಾಂಪ್ ಕಾಗದದ ಮೇಲೆ ಕ್ರಯದ ಕರಾರು, ಅಂದರೆ ಮಾರಾಟದ ಅಗ್ರಿಮೆಂಟು, ಟೈಪ್ ಮಾಡಿಸಿದ್ದರು. ನೋಟರಿ ಮುಂದೆ ನಾವು ನಾಲ್ಕೂ ಜನ ಸಹಿ ಹಾಕಿದೆವು. ಅಪ್ಪನ ಹೆಸರು ಇನ್ನೂ ಪಹಣಿಯಲ್ಲಿ (ಜಮೀನಿನ ಸರ್ಕಾರಿ ದಾಖಲೆಯಲ್ಲಿ) ಇದ್ದದ್ದರಿಂದ ಅದನ್ನು ರಿಜಿಸ್ಟರ್ ಮಾಡಿಸಲಿಲ್ಲ. ರಿಜಿಸ್ಟರ್ ಆಗದ ಕಾಗದಕ್ಕೆ ಅಂಥ ಬೆಲೆಯೇನೂ ಇಲ್ಲ ಎಂದು ನಾವು ಅಂದುಕೊಂಡೆವು. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಅದು ನಿಜವಲ್ಲ. ಸ್ವಾಧೀನ ಬಿಟ್ಟುಕೊಡದ ಕರಾರು ರಿಜಿಸ್ಟರ್ ಆಗದಿದ್ದರೂ, ಅದನ್ನೇ ಹಿಡಿದು "ನನಗೆ ಕ್ರಯಪತ್ರ ಮಾಡಿಕೊಡಿಸಿ" ಎಂದು ಕೋರ್ಟಿಗೆ ಹೋಗಬಹುದು. ನಮ್ಮ ಮೇಲೆ ಹೋದರು ಕೂಡ.

ಆ ಕರಾರಿನ ಐದನೇ ಪ್ಯಾರಾ ಈಗ ನನಗೆ ಬಾಯಿಪಾಠ. "ಒಂದನೇ ಪಾರ್ಟಿಯವರು ಸ್ವತ್ತಿಗೆ ಸಂಬಂಧಪಟ್ಟ ಎಲ್ಲಾ ದಾಖಲಾತಿಗಳನ್ನು ಸರಿಪಡಿಸಿ ಕೊಟ್ಟ ದಿನದಿಂದ ಆರು ತಿಂಗಳೊಳಗೆ ಎರಡನೇ ಪಾರ್ಟಿಯವರು ಬಾಕಿ ಹಣ ಪಾವತಿಸಿ, ತಮ್ಮ ಹೆಸರಿಗೆ ಅಥವಾ ತಾವು ಸೂಚಿಸಿದವರ ಹೆಸರಿಗೆ ಕ್ರಯಪತ್ರ ಮಾಡಿಸಿಕೊಳ್ಳತಕ್ಕದ್ದು."

ಇನ್ನೊಂದು ಸಲ ಓದಿ. ಆರು ತಿಂಗಳು ಅಂತ ಇದೆ, ಆದರೆ ಯಾವ ತಾರೀಖಿನಿಂದ? ನಾವು "ಎಲ್ಲಾ" ದಾಖಲೆ ಕೊಟ್ಟ ಮೇಲೆ. ಯಾವ ಯಾವ ದಾಖಲೆ ಎಂದು ಒಂದರ ಹೆಸರೂ ಇಲ್ಲ. "ತಾವು ಸೂಚಿಸಿದವರ ಹೆಸರಿಗೆ" ಅಂದರೆ ಆತ ಜಮೀನು ಕೊಳ್ಳಲು ಬಂದವರಲ್ಲ. ನಮಗೆ ಮೂರು ಲಕ್ಷ ಕೊಟ್ಟು, ಈ ಕಾಗದ ತೋರಿಸಿ ಬೇರೆಯವರಿಗೆ ಜಾಸ್ತಿ ಬೆಲೆಗೆ ಮಾರಲು ಬಂದವರು. ಅವರಿಗೆ ಗಿರಾಕಿ ಸಿಗುವವರೆಗೆ ನಮ್ಮ ಹೊಲ ಕಾಯಬೇಕು.

ಮೊದಲು ಪೌತಿ ಖಾತೆ ಆಗಬೇಕು ಅಂದರು ದಲ್ಲಾಳಿ. ಅಂದರೆ ತೀರಿಕೊಂಡ ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಖಾತೆ ಬದಲಾಗಬೇಕು. ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಅಲೆದು ಮಾಡಿಸಿದೆವು. ಅಲೆದದ್ದು ನಾನು ಮತ್ತು ತಮ್ಮ, "ನಾನಿದ್ದೀನಲ್ಲ" ಅಂದವರು ಬರಲಿಲ್ಲ. ಖಾತೆ ಆಯಿತು ಅಂದಾಗ, ಜಂಟಿ ಪಹಣಿ ಇದೆ, ಬೇರೆ ಮಾಡಿಸಿ ಅಂದರು. ಅದಕ್ಕೆ ಸರ್ವೆಯವರಿಗೆ ಅರ್ಜಿ ಹಾಕಿ 11ಇ ನಕ್ಷೆ, ಅಂದರೆ ಜಮೀನು ಭಾಗ ಮಾಡುವ ಮುಂಚೆ ಬೇಕಾದ ಅಳತೆ ನಕ್ಷೆ, ತರಿಸಿದೆವು. ಆಮೇಲೆ ಚಿಕ್ಕಪ್ಪನ ಜೊತೆ ವಿಭಾಗ ಪತ್ರ ರಿಜಿಸ್ಟರ್ ಮಾಡಿಸಿ, ಪೋಡಿ (ಪಾಲಿನ ಪ್ರಕಾರ ಸರ್ವೆ ನಂಬರು ಬೇರೆ ಮಾಡುವುದು) ಮಾಡಿಸಿದೆವು. ನಮ್ಮದೇ ಬೇರೆ ಹಿಸ್ಸಾ ನಂಬರು ಬಂತು. ಅದಾದ ಮೇಲೆ ಹಳೆಯ ಕೈಬರಹದ ಪಹಣಿ ಬೇಕು ಅಂದರು. ಅದನ್ನೂ ತಂದು ಕೊಟ್ಟೆವು. ಒಂದೊಂದು ಕೊಟ್ಟಾಗಲೂ ಇನ್ನೊಂದು ಕೇಳುತ್ತಿದ್ದರು. ಕರಾರಿನ ಪ್ರಕಾರ ಆ ಆರು ತಿಂಗಳು ಇನ್ನೂ ಶುರುವೇ ಆಗಿರಲಿಲ್ಲ.

ಇಲ್ಲಿ ಅತ್ತೆಯ, ಅಂದರೆ ಅಪ್ಪನ ಸೋದರಿಯ, ವಿಷಯ ಹೇಳಲೇಬೇಕು. ತಾತ ವಿಲ್ ಬರೆದಿರಲಿಲ್ಲ. ಅಪ್ಪ, ಚಿಕ್ಕಪ್ಪ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದರು. ಮದ್ದೂರಿಗೆ ಕೊಟ್ಟ ಅತ್ತೆ ಅದರಲ್ಲಿ ಇರಲಿಲ್ಲ. "ಮದ್ವೆ ಮಾಡಿ ಕೊಟ್ಟಾದ್ಮೇಲೆ ಹೆಣ್ಮಕ್ಕಳ್ದು ಏನಿದ್ದದು" ಅಂದಿದ್ದರು ದಲ್ಲಾಳಿ. ನಮ್ಮ ಕಡೆ ಇವತ್ತಿಗೂ ಹಾಗೆ ಹೇಳುವವರು ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಹೇಳಿತು. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು ಎಂದೂ ಅದೇ ತೀರ್ಪಿನಲ್ಲಿದೆ. ತಾತ ಯಾವಾಗ ತೀರಿಕೊಂಡರು ಎನ್ನುವುದರ ಮೇಲೆ ಪಾಲಿನ ಲೆಕ್ಕ ಬದಲಾಗಬಹುದು. ಅತ್ತೆಗೆ ಏನೂ ಇಲ್ಲ ಎನ್ನುವುದಂತೂ ತಪ್ಪು. ನಾನೇ ಹೋಗಿ ಅವರ ಹತ್ತಿರ ಮಾತಾಡಿದೆ. ಅವರಿಗೆ ಕೊಡಬೇಕಾದ್ದನ್ನು ಮಾತಾಡಿಕೊಂಡೆವು. ಅವರು ಬಂದು ವಿಭಾಗ ಪತ್ರಕ್ಕೆ ಸಹಿ ಹಾಕಿದರು. "ಕರೆದು ಕೇಳಿದ್ಯಲ್ಲವ್ವ, ಅಷ್ಟು ಸಾಕು" ಅಂದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈ ಇಡೀ ಓಡಾಟದಲ್ಲಿ ಸಮಾಧಾನ ಅನ್ನಿಸಿದ್ದು ಅದೊಂದೇ.

ಇನ್ನೊಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಮಧ್ಯದಲ್ಲಿ ಒಂದು ದಿನ "ಖಾತೆ, ಪೋಡಿ ಕೆಲಸಕ್ಕೆ ಅಂತ ಒಂದು ಜಿಪಿಎ ಕೊಡಿ, ನೀವು ಬರೋದು ಬ್ಯಾಡ" ಅಂದರು ದಲ್ಲಾಳಿ. ಜಿಪಿಎ ಅಂದರೆ ನಮ್ಮ ಪರವಾಗಿ ಕೆಲಸ ಮಾಡಲು ಕೊಡುವ ಅಧಿಕಾರ ಪತ್ರ. ನನಗೂ ತಮ್ಮನಿಗೂ ಅಲೆದು ಸಾಕಾಗಿತ್ತು. ಕೊಟ್ಟೇಬಿಡುತ್ತಿದ್ದೆವು. ತಂಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಕರಡನ್ನು ಫೋಟೋ ತೆಗೆದು ಕಳಿಸಿ ಅಂದಳು. ರಾತ್ರಿ ಕೂತು ಓದಿ ಫೋನ್ ಮಾಡಿದಳು. ಮೂರನೇ ಪುಟದಲ್ಲಿ "ಪರಭಾರೆ ಮಾಡಲು, ಹಣ ಪಡೆಯಲು" ಎಂದು ಇತ್ತು. ಅಂದರೆ ನಮ್ಮ ಹೆಸರಿನಲ್ಲಿ ಆತನೇ ಯಾರಿಗೆ ಬೇಕಾದರೂ ಕ್ರಯ ಬರೆದುಕೊಡಬಹುದು, ದುಡ್ಡೂ ಆತನೇ ಇಸಕೊಳ್ಳಬಹುದು. ಬರೀ ಜಿಪಿಎ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಆದರೆ ಜಿಪಿಎ ಹಿಡಿದು ರಿಜಿಸ್ಟರ್ ಕ್ರಯ ಮಾಡಿಬಿಟ್ಟರೆ ಆಮೇಲೆ ಕೋರ್ಟಿಗೆ ಓಡಬೇಕಾದವರು ನಾವು. ಖಾತೆ ಕೆಲಸಕ್ಕೆ ಖಾತೆ ಕೆಲಸದ ಅಧಿಕಾರ ಸಾಕು. ಮಾರುವ ಅಧಿಕಾರ ಯಾಕೆ ಬೇಕು?

2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆ ಆಯಿತು. ನಮ್ಮ ಊರಿನ ಕಡೆಯೂ ಕೇಳುವ ಬೆಲೆ ಏರಿತು. ಆ ವರ್ಷ ದಸರಾ ಹೊತ್ತಿಗೆ ನಮ್ಮ ಕಾಗದಗಳೆಲ್ಲ ಸರಿಯಾಗಿದ್ದವು. ಪಕ್ಕದ ಹೊಲದವರೇ ಬಂದು 48 ಲಕ್ಷಕ್ಕೆ ಕೇಳಿದರು. ನಾವು ದಲ್ಲಾಳಿಗೆ ಫೋನ್ ಮಾಡಿ "ಒಂದು ವರ್ಷದ ಮೇಲಾಯಿತು, ನೀವು ಬಾಕಿ ಕೊಡಲಿಲ್ಲ, ನಿಮ್ಮ ಮೂರು ಲಕ್ಷ ವಾಪಸ್ ತಗೊಳ್ಳಿ" ಅಂದೆವು. ಆತ ಸರಿ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಮೂರು ವಾರಕ್ಕೆ ಕೋರ್ಟಿನಿಂದ ಸಮನ್ಸ್ ಬಂತು. ಜಮೀನು ಯಾರಿಗೂ ಮಾರಬಾರದು ಎಂದು ತಡೆಯಾಜ್ಞೆ. ಪಹಣಿಯ 11ನೇ ಕಾಲಂನಲ್ಲಿ ಅದು ನಮೂದಾಯಿತು. ಪಕ್ಕದ ಹೊಲದವರು ಅದನ್ನು ನೋಡಿ ಹಿಂದೆ ಸರಿದರು. ಅವರನ್ನು ಬೈಯುವ ಹಾಗಿಲ್ಲ. ಕೇಸು ನಡೆಯುವಾಗ ಕೊಂಡವರು ಕೇಸಿನ ತೀರ್ಪಿಗೆ ಕಟ್ಟುಬೀಳಬೇಕಾಗುತ್ತದೆ.

ವಕೀಲರ ಹತ್ತಿರ ಹೋದದ್ದು ಆಗ. ಸಹಿ ಹಾಕುವ ಮುಂಚೆ ಹೋಗಬೇಕಾಗಿತ್ತು. ಒಂದು ಗಂಟೆ ಅವರು ಹೇಳಿದ್ದನ್ನು ಕೇಳಿ ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ. ಇಂಥ ದಾವೆ ಹಾಕಲು ಮೂರು ವರ್ಷ ಕಾಲಾವಕಾಶ ಇದೆ. ಕರಾರಿನಲ್ಲಿ ಕ್ರಯಕ್ಕೆ ತಾರೀಖು ಹಾಕಿದ್ದರೆ ಆ ತಾರೀಖಿನಿಂದ ಎಣಿಕೆ. ತಾರೀಖು ಇಲ್ಲದಿದ್ದರೆ, ಮಾರುವವರು ಆಗಲ್ಲ ಅಂದದ್ದು ಕೊಳ್ಳುವವರಿಗೆ ಗೊತ್ತಾದ ದಿನದಿಂದ. ನಮ್ಮ ಕರಾರಿನಲ್ಲಿ ತಾರೀಖೇ ಇರಲಿಲ್ಲವಲ್ಲ. ಮೊದಲೆಲ್ಲ ಇಂಥ ಕೇಸಿನಲ್ಲಿ ಕ್ರಯ ಮಾಡಿಸಬೇಕೋ ಬೇಡವೋ ಎನ್ನುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತ್ತಂತೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಆ ವಿವೇಚನೆ ಬಹಳ ಕಮ್ಮಿಯಾಗಿದೆ. ಕೊಳ್ಳುವವರು ತಾವು ಬಾಕಿ ಹಣ ಕೊಡಲು ಸದಾ ಸಿದ್ಧರಿದ್ದೆವು ಎಂದು ತೋರಿಸಬೇಕು, ಅದೊಂದು ನಮ್ಮ ಕಡೆಗಿತ್ತು. ಆದರೆ "ಇಂಥ ದಿನದೊಳಗೆ ಹಣ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಿ" ಎಂದು ನಾವು ಒಂದು ನೋಟಿಸೂ ಕಳಿಸಿರಲಿಲ್ಲ. ಎಲ್ಲ ಫೋನಿನಲ್ಲಿ. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ನಗದು ಎರಡು ಲಕ್ಷದ ವಿಷಯಕ್ಕೂ ಅವರು ತಲೆ ಚಚ್ಚಿಕೊಂಡರು. 2015ರ ಜೂನ್‌ನಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಇಸಕೊಳ್ಳುವ ಹಾಗಿಲ್ಲ. ಇಸಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಇಸಕೊಂಡವರ ಮೇಲೆ. "ನಗದಾದರೆ ನಿಮಗೇ ಅನುಕೂಲ" ಎಂದು ಹೇಳಿ ದಲ್ಲಾಳಿ ನಮ್ಮ ಕೈಗೆ ಇಟ್ಟಿದ್ದರು.

ಕೇಸು ನಡೆದದ್ದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಾಯಿದೆ ಮೇಲೆ ವಾಯಿದೆ. ಒಂದೊಂದು ಸಲ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನದವರೆಗೆ ಕೋರ್ಟಿನ ಬೆಂಚಿನ ಮೇಲೆ ಕೂತು, ಮುಂದಿನ ತಾರೀಖು ಬರೆದುಕೊಂಡು ಬರುವುದು. ಮನೆಗೆ ಬಂದರೆ ಅಮ್ಮ ಒಂದೇ ಮಾತು ಕೇಳುತ್ತಿದ್ದರು, "ಯಾವಾಗವ್ವ ಮುಗಿಯೋದು ಇದು?" ಅವರಿಗೆ ಬಿಪಿ ಜಾಸ್ತಿಯಾಗಿ ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಕೊನೆಗೆ 2025ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾದೆವು. ಆತನ ಮೂರು ಲಕ್ಷದ ಜೊತೆಗೆ ಇನ್ನೂ ಐದು ಲಕ್ಷ ಕೊಟ್ಟೆವು. ನಮ್ಮದೇ ಜಮೀನನ್ನು ನಮಗೆ ಬಿಟ್ಟುಕೊಡಲು ಐದು ಲಕ್ಷ. ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಲೋಕ ಅದಾಲತ್‌ನಲ್ಲಿ ಆದದ್ದಕ್ಕೆ ಮೇಲ್ಮನವಿ ಇಲ್ಲ, ಅಲ್ಲಿಗೆ ಮುಗಿಯಿತು. ಅಮ್ಮನ ವಯಸ್ಸು ನೋಡಿ ಒಪ್ಪಿಕೊಂಡೆವು.

ಈಗ ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಮುಂಗಡ ಮುಟ್ಟುವ ಮುಂಚೆ ನಿಮ್ಮ ಕಾಗದ ನೀವೇ ಸರಿ ಮಾಡಿಸಿಕೊಳ್ಳಿ. ಪೌತಿ ಖಾತೆ, ಅಕ್ಕ ತಂಗಿ ಅತ್ತೆಯಂದಿರ ಒಪ್ಪಿಗೆ, ವಿಭಾಗ ಪತ್ರ, 11ಇ ನಕ್ಷೆ, ಪೋಡಿ, ಎಲ್ಲ. ತಾತನಿಗೆ ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನು ಮೊದಲೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದ ಕ್ರಯ ನಿಲ್ಲುವುದಿಲ್ಲ. ಖಾತೆ, ಪೋಡಿ ಎಲ್ಲ ಆಗಲು ನಮಗೆ ಒಂದು ವರ್ಷದ ಮೇಲೆ ಹಿಡಿಯಿತು. ಹೊಲ ಇನ್ನೊಂದು ವರ್ಷ ಪಾಳು ಬಿದ್ದರೆ ಏನೂ ಆಗುವುದಿಲ್ಲ. ಜಾಲಿ ಕಡಿಸಬಹುದು, ಬದು ಒತ್ತಿದ್ದರೆ ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಬಹುದು. ಕಾಗದವೆಲ್ಲ ಸರಿಯಿದ್ದರೆ ಕರಾರೇ ಬೇಡ, ನೇರ ಕ್ರಯಪತ್ರಕ್ಕೆ ಹೋಗಬಹುದು. ಕರಾರು ಮಾಡಲೇಬೇಕು ಎಂದಾದರೆ ಕೊಳ್ಳುವವರು ಹಣ ಕೊಡಬೇಕಾದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಆ ದಿನ ದಾಟಿದರೆ ಏನಾಗುತ್ತದೆ ಎಂದೂ ಬರೆದಿರಲಿ. ಟೈಪ್ ಮಾಡಿಸುವುದು ನಿಮ್ಮ ವಕೀಲರ ಹತ್ತಿರ, ಕೊಳ್ಳುವವರು ಹೇಳಿದ ಅಂಗಡಿಯಲ್ಲಲ್ಲ. ವಕೀಲರಿಗೆ ಕೊಡುವ ಕೆಲವು ಸಾವಿರ ಜಾಸ್ತಿ ಅನ್ನಿಸಿದರೆ ನಮ್ಮ ಐದು ಲಕ್ಷ ನೆನಪಿಸಿಕೊಳ್ಳಿ.

ಕೇಸು ಮುಗಿದವರಿಗೆ ಇನ್ನೊಂದು ಮಾತು. ಪಹಣಿಯಲ್ಲಿರುವ ತಡೆಯಾಜ್ಞೆಯ ನಮೂದು ತಾನಾಗೇ ಹೋಗುವುದಿಲ್ಲ. ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ನಾವು ಇದು ಗೊತ್ತಿಲ್ಲದೆ ಎರಡು ತಿಂಗಳು ಸುಮ್ನೆ ಕಾದೆವು.

ಹೊಲ ಕೊನೆಗೂ ಮಾರಿದೆವು. ಕೊಂಡವರು ಅಲ್ಲೇ ಬೇಸಾಯ ಮಾಡುವವರು. ಕರಾರು ಇಲ್ಲ, ದಲ್ಲಾಳಿ ಇಲ್ಲ. ಡಿಡಿ ಕೈಗೆ ಬಂದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದೆವು. ಅದರ ಹಿಂದಿನ ದಿನ ಹೊಸ ಪಹಣಿ ತೆಗೆಸಿ ಅಮ್ಮನಿಗೆ ತೋರಿಸಿದೆ. 11ನೇ ಕಾಲಂ ಖಾಲಿ ಇತ್ತು. ಅಮ್ಮನಿಗೆ ಓದಲು ಬರುವುದಿಲ್ಲ. ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲೇ ಅಲ್ವಾ ಅದು ಇದ್ದದ್ದು?" ಅಂದರು. ಹೌದಮ್ಮ ಅಂದೆ.