ಮೂರು ಬಗೆ ಆರ್ಥ್ರೈಟಿಸ್‌ಗೆ ಮೂರು ಡಬ್ಬಿ, ಒಳಗಿದ್ದದ್ದು ಒಂದೇ: ದಯವಿಟ್ಟು ಹುಷಾರು

ಕೀಲು ನೋವಿಗೆ ಫೋನಿನಲ್ಲೇ ರಿಪೋರ್ಟ್ ನೋಡಿ ಮನೆಗೆ ಕ್ಯಾಪ್ಸೂಲ್ ಕಳಿಸುವವರ ಹತ್ತಿರ ಏನಾದರೂ ತರಿಸಿಕೊಳ್ಳುತ್ತಿದ್ದರೆ ಇದನ್ನು ಪೂರ್ತಿ ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಬಹುದು. ಹೆಸರು ಹಾಕಿ ಪ್ರಯೋಜನ ಇಲ್ಲ, ಅವರು ಆಗಲೇ ಹೆಸರು ಬದಲಾಯಿಸಿಕೊಂಡಿದ್ದಾರೆ.

ನಮ್ಮ ಮನೆಯಲ್ಲಿ ಕೀಲು ನೋವಿನವರು ಮೂರು ಜನ. ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ದೊಡ್ಡಮ್ಮನಿಗೆ ಮಂಡಿ ಸವೆತ, ಅದೇ ಆಸ್ಟಿಯೋ ಆರ್ಥ್ರೈಟಿಸ್. ನಮ್ಮ ಯಜಮಾನರಿಗೆ ಗೌಟ್. ಮೂರನ್ನೂ ಆರ್ಥ್ರೈಟಿಸ್ ಅಂತಲೇ ಕರೆಯುತ್ತಾರೆ, ಆದರೆ ಒಂದರ ಕಾರಣ ಇನ್ನೊಂದಕ್ಕಿಲ್ಲ. ದೊಡ್ಡಮ್ಮನದು ಮೂಳೆಯ ತುದಿಯಲ್ಲಿರುವ ಕಾರ್ಟಿಲೇಜ್ ಅನ್ನೋ ನುಣುಪು ಪದರ ಸವೆದು ಬಂದ ನೋವು. ಯಜಮಾನರದು ರಕ್ತದಲ್ಲಿ ಯೂರಿಕ್ ಆ್ಯಸಿಡ್ ಜಾಸ್ತಿಯಾಗಿ ಕೀಲಿನೊಳಗೆ ಹರಳು ಕಟ್ಟುವ ಕಾಯಿಲೆ. ಚೆನ್ನಾಗಿ ಮಲಗಿದವರು ನಡುರಾತ್ರಿ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಏಳುತ್ತಾರೆ, ಹೊದಿಕೆ ತಾಗಿದರೂ ತಡೆಯೋಕಾಗಲ್ಲ. ಅಮ್ಮನದು ಇನ್ನೂ ಬೇರೆ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ಅವರ ಕೀಲಿನ ಒಳಪದರದ ಮೇಲೆ ತಿರುಗಿಬಿದ್ದಿದೆ. ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟು ಒಟ್ಟೊಟ್ಟಿಗೆ ಊದಿಕೊಳ್ಳುತ್ತವೆ. ಬೆಳಗ್ಗೆ ದೊಡ್ಡಮ್ಮನ ಮಂಡಿ ಹಿಡಿದುಕೊಂಡರೂ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ. ಅಮ್ಮನಿಗೆ ಒಂದು ಗಂಟೆ ಕಳೆದರೂ ಹಲ್ಲುಜ್ಜುವ ಬ್ರಷ್ ಹಿಡಿಯೋಕೆ ಬೆರಳು ಮಡಚಲ್ಲ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಅದೇ ಹೊಟ್ಟೆ ಉರಿ. "ಎಲ್ಲ ನೋವಿಗೂ ಒಂದೇ ಔಷಧಿ" ಅನ್ನುವವರನ್ನು ನಾನು ಹತ್ತಿರಕ್ಕೂ ಸೇರಿಸುವವಳಲ್ಲ. ನಮಗೆ ಕ್ಯಾಪ್ಸೂಲ್ ಕಳಿಸಿದ ಇವನು ಹಾಗೆ ಅನ್ನಲಿಲ್ಲ. ಮೊದಲ ಫೋನಿನಲ್ಲೇ ಹೇಳಿದ್ದು ಇದು: "ಅಕ್ಕಾ, ಆರ್ಥ್ರೈಟಿಸ್‌ನಲ್ಲಿ ನೂರಕ್ಕಿಂತ ಜಾಸ್ತಿ ಬಗೆ ಇದೆ. ಎಲ್ಲಕ್ಕೂ ಒಂದೇ ಔಷಧಿ ಕೊಡೋರು ಮೋಸಗಾರರು. ಅಮ್ಮಂಗೆ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದಿದ್ಯಾ? ಆಂಟಿ ಸಿಸಿಪಿ ಮಾಡ್ಸಿದೀರಾ?" ನೂರಕ್ಕಿಂತ ಜಾಸ್ತಿ ಬಗೆ ಇರೋದು ನಿಜ. ರುಮಟಾಯ್ಡ್ ಪತ್ತೆಗೆ ಅವನು ಕೇಳಿದ ರಕ್ತದ ಟೆಸ್ಟ್‌ಗಳೂ ಸರಿಯೇ. ಇಷ್ಟು ತಿಳಿದು ಮಾತಾಡಿದರೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಮೂರೂ ಜನರ ರಿಪೋರ್ಟ್ ಕಳಿಸಿದೆ. ಮೂರು ಡಬ್ಬಿ ಬಂತು. ಒಂದರ ಮೇಲೆ ರುಮಟಾಯ್ಡ್, ಒಂದರ ಮೇಲೆ ಮಂಡಿ ಸವೆತ, ಒಂದರ ಮೇಲೆ ಗೌಟ್. ಮುಚ್ಚಳದ ಬಣ್ಣವೂ ಬೇರೆ ಬೇರೆ.

ಕೆಲಸ ಮಾಡಲಿಲ್ಲ ಅಂದುಕೊಂಡಿರಾ? ಚೆನ್ನಾಗಿಯೇ ಮಾಡಿತು. ವಾರದೊಳಗೆ ಅಮ್ಮ ತಾವೇ ತಲೆ ಬಾಚಿಕೊಂಡರು. ದೊಡ್ಡಮ್ಮ ಕೈಹಿಡಿ ಬಿಟ್ಟು ಮೆಟ್ಟಿಲು ಹತ್ತಿದರು. ಯಜಮಾನರ ಕಾಲಿನ ಊತ ಇಳಿಯಿತು. ನಾನು ಗೊತ್ತಿದ್ದವರಿಗೆಲ್ಲ ಆ ನಂಬರ್ ಕೊಟ್ಟೆ. ಬರೆಯೋಕೂ ನಾಚಿಕೆ ಆಗುತ್ತೆ.

ಅಮ್ಮ ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಅವನು, "ಅದು ಕ್ಯಾನ್ಸರ್ ಮಾತ್ರೆ ಅಕ್ಕಾ, ಲಿವರ್ ಹೋಗುತ್ತೆ. ನಮ್ಮದು ಶುರು ಮಾಡಿದ ಮೇಲೆ ಅದ್ಯಾಕೆ?" ಅಂದ. ಕ್ಯಾನ್ಸರ್‌ಗೆ ಕೊಡೋದು ನಿಜ, ಆದರೆ ಅಲ್ಲಿ ಡೋಸ್ ಬಹಳ ಜಾಸ್ತಿ. ರುಮಟಾಯ್ಡ್‌ಗೆ ಕೊಡೋದು ಸಣ್ಣ ಪ್ರಮಾಣ, ಜೊತೆಗೆ ಫೋಲಿಕ್ ಆ್ಯಸಿಡ್, ಲಿವರ್ ನೋಡೋಕೆ ಅಂತಲೇ ಆಗಾಗ ರಕ್ತ ಪರೀಕ್ಷೆ. ಅವನ ಮಾತೆಲ್ಲ ಹೀಗೇ, ಅರ್ಧ ನಿಜ. ಆ ಅರ್ಧ ನಿಜದಲ್ಲೇ ನಾಮ ಹಾಕೋದು. ಅಮ್ಮ ಮಾತ್ರೆ ನಿಲ್ಲಿಸಿದರು. ಯಜಮಾನರೂ ಯೂರಿಕ್ ಆ್ಯಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಬಿಟ್ಟರು.

ಆಮೇಲೆ ಅಮ್ಮನ ಮುಖ ದುಂಡಗಾಗತೊಡಗಿತು. ಕೈ ಎಲ್ಲಿ ತಾಗಿದರೂ ಚರ್ಮದ ಕೆಳಗೆ ನೀಲಿ ಕಲೆ. ರಾತ್ರಿ ನಿದ್ದೆ ಇಲ್ಲ. ಯಾವತ್ತೂ ಇಲ್ಲದ ಶುಗರ್ ಬಂತು. ಅವನನ್ನು ಕೇಳಿದೆ. "ಮುಖ ತುಂಬ್ಕೊಂಡಿದೆ ಅಂದ್ರೆ ಖುಷಿ ಪಡಿ ಅಕ್ಕಾ, ಆರೋಗ್ಯ ವಾಪಸ್ ಬರ್ತಿದೆ." ಸರಿ, ಶುಗರ್? "ಹಳೇ ಮಾತ್ರೆಗಳ ವಿಷ ಹೊರಗೆ ಬರ್ತಿದೆ." ವಿಷ ಹೊರಗೆ ಬಂದರೆ ಶುಗರ್ ಏರುತ್ತಂತೆ! ಯಾವ ಶಾಸ್ತ್ರವೋ.

ಗುಟ್ಟು ಬಯಲಾದದ್ದು ಸ್ಟಿಕ್ಕರ್‌ನಿಂದ. ಅಮ್ಮನ ಡಬ್ಬಿಗೆ ನೀರು ತಾಗಿ ಲೇಬಲ್‌ನ ಮೂಲೆ ಎದ್ದಿತ್ತು. ಸುಮ್ನೆ ಒತ್ತಿ ಅಂಟಿಸೋಣ ಅಂತ ನೋಡಿದರೆ ಕೆಳಗೆ ಇನ್ನೊಂದು ಲೇಬಲ್. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. "ರುಮಟಾಯ್ಡ್" ಅಡಿಯಲ್ಲಿ "ಗೌಟ್" ಅಂತ ಇತ್ತು. ಇನ್ನೆರಡು ಡಬ್ಬಿ ತಂದು ತಿರುಗಿಸಿ ನೋಡಿದೆ. ತಳದಲ್ಲಿ ಮೂರಕ್ಕೂ ಅದೇ ಬ್ಯಾಚ್ ನಂಬರ್, ಅದೇ ತಾರೀಖು. ಕ್ಯಾಪ್ಸೂಲ್ ಬಿಚ್ಚಿದರೆ ಅದೇ ಕಂದು ಪುಡಿ, ಅದೇ ವಾಸನೆ. ಮುಚ್ಚಳದ ಬಣ್ಣ ಮಾತ್ರ ಬೇರೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಫೋಟೋ ಕಳಿಸಿದೆ. ತುಂಬಾ ಹೊತ್ತಾದ ಮೇಲೆ, "ಪ್ರಿಂಟಿಂಗ್ ಮಿಸ್ಟೇಕ್ ಅಕ್ಕಾ." ಬ್ಯಾಚ್ ನಂಬರ್ ಕೂಡಾ ಮಿಸ್ಟೇಕಾ ಅಂದೆ. "ಮೂಲ ಒಂದೇ ಅಕ್ಕಾ, ದೇಹಾನೇ ತನಗೆ ಬೇಕಾದ್ದನ್ನ ತಗೊಳ್ಳುತ್ತೆ." ಎಲ್ಲಕ್ಕೂ ಒಂದೇ ಕೊಡೋರು ಮೋಸಗಾರರು ಅಂದವರು ನೀವೇ ಅಲ್ವಾ ಅಂದೆ. ಅದಕ್ಕೆ ಬಂದ ಉತ್ತರ ಈಗಲೂ ತಲೆಯಲ್ಲಿ ಕೊರೆಯುತ್ತಿದೆ: "ನೋವು ಕಮ್ಮಿ ಆಯ್ತೋ ಇಲ್ವೋ? ಅಷ್ಟು ಹೇಳಿ."

ಕಮ್ಮಿ ಆಗಿತ್ತು, ಅದಕ್ಕೇ ಬಾಯಿ ಕಟ್ಟಿತು.

ಅಮ್ಮನನ್ನು ರುಮಟಾಲಜಿಸ್ಟ್, ಅಂದರೆ ಕೀಲು ರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಡಬ್ಬಿ ನೋಡುವ ಮೊದಲೇ ಅಮ್ಮನ ಮುಖ ನೋಡಿ, "ಸ್ಟೀರಾಯ್ಡ್ ಯಾರು ಕೊಟ್ಟರು?" ಅಂದರು. ಯಾರೂ ಕೊಟ್ಟಿಲ್ಲ ಅಂದೆವು. ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಬರೆದರು, ಅದು ದೇಹವೇ ತಯಾರಿಸುವ ಸ್ಟೀರಾಯ್ಡ್. ತೀರಾ ಕಮ್ಮಿ ಬಂತು. ಹೊರಗಿನಿಂದ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬಹಳ ದಿನ ಹೋದರೆ ದೇಹ ತನ್ನ ಕಾರ್ಟಿಸಾಲ್ ಮಾಡೋದನ್ನು ಕಮ್ಮಿ ಮಾಡಿಬಿಡುತ್ತಂತೆ. ಇಂಥ ಕಲಬೆರಕೆ ಹೊಸದೂ ಅಲ್ಲ. ಕೀಲು ನೋವಿಗೆ ಅಂತ ಮಾರುತ್ತಿದ್ದ ಕೆಲವು ಪೂರಕಗಳಲ್ಲಿ ಡೆಕ್ಸಾಮೆಥಸೋನ್, ಡೈಕ್ಲೋಫೆನಾಕ್ ಅಡಗಿಸಿಟ್ಟಿದ್ದಾರೆ ಅಂತ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಒಂದು ಸ್ಟೀರಾಯ್ಡ್, ಇನ್ನೊಂದು ನೋವಿನ ಮಾತ್ರೆ. ಎರಡೂ ಸೇರಿದರೆ ಯಾವ ಬಗೆಯ ಆರ್ಥ್ರೈಟಿಸ್ ಆದರೂ ನೋವು ಇಳಿಯಬಹುದು. ನಮ್ಮ ಮೂರು ಜನಕ್ಕೂ ಒಟ್ಟಿಗೆ "ಗುಣ" ಆದದ್ದು ಹೇಗೆ ಅಂತ ಆಗ ಅರ್ಥ ಆಯಿತು.

ಸ್ಟೀರಾಯ್ಡ್ ಅಂದರೆ ಬರೀ ಕೆಟ್ಟದ್ದು ಅಂತ ಅಲ್ಲ. 1948ರಲ್ಲಿ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಸಲ ರುಮಟಾಯ್ಡ್ ರೋಗಿಗೆ ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗ ನಡೆಯಲಾಗದವರು ಕೆಲವೇ ದಿನದಲ್ಲಿ ನಡೆದರು. 1950ರಲ್ಲಿ ನೊಬೆಲ್ ಕೂಡಾ ಬಂತು. ಬೇಗನೇ ಅಡ್ಡ ಪರಿಣಾಮಗಳೂ ಕಂಡವು. ಇವತ್ತಿಗೂ ಡಾಕ್ಟರು ಅಳೆದು, ದಿನ ಲೆಕ್ಕ ಹಾಕಿ ಕೊಡುತ್ತಾರೆ. ಹೇಳದೆ ಕೇಳದೆ ಪುಡಿಯಲ್ಲಿ ಬೆರೆಸಿ ತಿನ್ನಿಸೋದು ಬೇರೆ.

ಅಮ್ಮನ ಕೈಯ ಹೊಸ ಎಕ್ಸ್‌ರೇಯಲ್ಲಿ ಹಳೆಯದರಲ್ಲಿ ಇಲ್ಲದ ಗುಳಿಗಳಿವೆ, ಬೆರಳ ಬುಡದ ಮೂಳೆಯ ಅಂಚಿನಲ್ಲಿ. ನೋವಿಲ್ಲ ಅಂತ ನಾವು ಖುಷಿಯಾಗಿದ್ದಾಗ ಒಳಗೆ ಕಾಯಿಲೆ ಮೂಳೆಯನ್ನು ಕೊರೆಯುತ್ತಲೇ ಇತ್ತು. ಅವು ಮತ್ತೆ ಮೊದಲಿನಂತೆ ತುಂಬಿಕೊಳ್ಳಲ್ಲ ಅಂದರು. ಯಜಮಾನರ ಯೂರಿಕ್ ಆ್ಯಸಿಡ್ ಮೊದಲಿಗಿಂತ ಮೇಲಿದೆ. ಸ್ಟೀರಾಯ್ಡ್ ಊತ ಇಳಿಸುತ್ತೆ, ಹರಳು ಕರಗಿಸಲ್ಲ. ದೊಡ್ಡಮ್ಮನಿಗೆ ಸದ್ಯಕ್ಕೆ ಹೊಟ್ಟೆಯೊಳಗೆ ಉರಿತವಷ್ಟೇ.

ಡಾಕ್ಟರಿಗೆ ಒಳಗೆ ಏನಿದೆ, ಎಷ್ಟು ಮಿಲಿಗ್ರಾಂ ಅಂತ ಗೊತ್ತಾಗಬೇಕಿತ್ತು, ಡೋಸ್ ನಿಧಾನಕ್ಕೆ ಇಳಿಸೋಕೆ. ಅವನಿಗೆ ಮೆಸೇಜ್ ಹಾಕಿದೆ, ಬೈಯಲಿಲ್ಲ, ದುಡ್ಡೂ ಕೇಳಲಿಲ್ಲ. "ಫಾರ್ಮುಲಾ ಹೇಳೋಕಾಗಲ್ಲ ಮೇಡಂ. ಇಷ್ಟ ಇಲ್ದಿದ್ರೆ ಇವತ್ತೇ ನಿಲ್ಸಿಬಿಡಿ." ಅಕ್ಕ ಹೋಗಿ ಮೇಡಂ ಆಗಿದ್ದೆ. ಆಮೇಲೆ ಬ್ಲಾಕ್.

"ಇವತ್ತೇ ನಿಲ್ಸಿಬಿಡಿ" ಅನ್ನೋದೇ ಎಲ್ಲಕ್ಕಿಂತ ಅಪಾಯದ ಮಾತು. ಬಹಳ ದಿನ ಸ್ಟೀರಾಯ್ಡ್ ಹೋದ ದೇಹಕ್ಕೆ ಅದು ಥಟ್ಟನೆ ನಿಂತರೆ ವಾಂತಿ, ಬಿಪಿ ಕುಸಿತ, ಜೀವಕ್ಕೇ ಕುತ್ತು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಎಸೆಯಬೇಡಿ, ನೀವೇ ನಿಲ್ಲಿಸಲೂ ಬೇಡಿ. ಉಳಿದ ಕ್ಯಾಪ್ಸೂಲ್ ಸಮೇತ ಡಾಕ್ಟರ ಹತ್ತಿರ ಹೋಗಿ. ಜ್ವರದ ಜೊತೆ ಒಂದೇ ಕೀಲು ಕೆಂಪಗೆ ಊದಿ ಬಿಸಿಯಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಸೋಂಕಿನ ಆರ್ಥ್ರೈಟಿಸ್ ಇರಬಹುದು, ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತೆ. ನನ್ನಿಂದ ಆ ನಂಬರ್ ಪಡೆದವರು ಯಾರಾದರೂ ಓದುತ್ತಿದ್ದರೆ, ಮೊದಲು ಡಬ್ಬಿಯ ಲೇಬಲ್ ಕೆರೆದು ನೋಡಿ, ಆಮೇಲೆ ನನಗೆ ಫೋನ್ ಮಾಡಿ.